ಬಿಸಿಲಲ್ಲಿ ಗಿಡ ಸುಮ್ನೆ ನಿಂತಿರಲ್ಲ

ಬೇಯಿಸಿದ ಮೊಟ್ಟೆ ಆರಿದ ಮೇಲೂ ಮತ್ತೆ ನೀರಾಗುವುದಿಲ್ಲ, ಅಲ್ವಾ? ಅಚ್ಚುಕಟ್ಟಾಗಿ ಮಡಿಸಿಕೊಂಡಿದ್ದ ಪ್ರೊಟೀನ್‌ಗಳು ಬಿಸಿಗೆ ಬಿಚ್ಚಿಕೊಂಡು, ಒಂದಕ್ಕೊಂದು ತೊಡರಿಕೊಂಡು ಗಂಟಾಗಿರುತ್ತವೆ. ಏಪ್ರಿಲ್ ಬಿಸಿಲಲ್ಲಿ ಟೊಮ್ಯಾಟೊ ಎಲೆಯೊಳಗೂ ಇದೇ ಅಪಾಯ. ನಾವಾದರೆ ನೆರಳಿಗೆ ಓಡುತ್ತೇವೆ. ಗಿಡಕ್ಕೆ ಕಾಲಿಲ್ಲ. ಹಾಗಂತ ಅದು ಸುಮ್ಮನೆ ಸಹಿಸಿಕೊಂಡು ನಿಂತಿದೆ ಅಂದುಕೊಳ್ಳುವುದು ದೊಡ್ಡ ತಪ್ಪು. ಒಳಗೊಳಗೇ ಅದು ತನ್ನ ಪ್ರೊಟೀನ್‌ಗಳನ್ನು ಕಾಪಾಡಿಕೊಳ್ಳುತ್ತಿರುತ್ತದೆ.

ಈ ಗುಟ್ಟು ಮೊದಲು ಬಿಟ್ಟುಕೊಟ್ಟಿದ್ದು ಗಿಡವಲ್ಲ, ನೊಣ. ಇಟಲಿಯ ವಿಜ್ಞಾನಿ ಫೆರುಚ್ಚೊ ರಿಟೋಸ್ಸಾ ಹಣ್ಣಿನ ನೊಣದ ಮರಿಗಳನ್ನು ಇಟ್ಟಿದ್ದ ಪೆಟ್ಟಿಗೆಯ ಬಿಸಿಯನ್ನು ಯಾರೋ ಏರಿಸಿಬಿಟ್ಟಿದ್ದರು. ಆಮೇಲೆ ಅವರು ಕ್ರೋಮೊಸೋಮ್ ನೋಡಿದರೆ ಹೊಸ ಜಾಗಗಳಲ್ಲಿ ಉಬ್ಬು! ಅಲ್ಲಿನ ಜೀನ್‌ಗಳು ಎದ್ದು ಕೆಲಸಕ್ಕಿಳಿದಿದ್ದವು. 1962ರಲ್ಲಿ ಇದು ಪ್ರಕಟವಾಯಿತು. ಆ ಜೀನ್‌ಗಳು ಮಾಡಿಸುವ ಪ್ರೊಟೀನ್‌ಗಳಿಗೇ ಹೀಟ್ ಶಾಕ್ ಪ್ರೊಟೀನ್, ಚಿಕ್ಕದಾಗಿ ಎಚ್‌ಎಸ್‌ಪಿ, ಅಂತ ಹೆಸರು ಬಂತು. ಮುಂದೆ ಸೋಯಾ ಮೊಳಕೆಯಲ್ಲೂ ಅವು ಸಿಕ್ಕವು.

ನನಗೆ ತುಂಬಾ ಇಷ್ಟವಾಗುವುದು ಅಲ್ಲಿನ ಕರೆಗಂಟೆ. ಜೀವಕೋಶವನ್ನು ಒಂದು ಹಳ್ಳಿ ಅಂದುಕೊಳ್ಳಿ. ಡಂಗುರ ಸಾರುವವನನ್ನು ಊರಿನ ಹಿರಿಯರು ಜಗಲಿಯಲ್ಲಿ ಕೂರಿಸಿಕೊಂಡಿದ್ದಾರೆ. ಹಿರಿಯರು ಅಂದರೆ ಎಚ್‌ಎಸ್‌ಪಿ70 ಪ್ರೊಟೀನ್, ಡಂಗುರದವನು ಆ ಜೀನ್‌ಗಳನ್ನು ಎಬ್ಬಿಸುವ ಎಚ್‌ಎಸ್‌ಎಫ್ (ಹೀಟ್ ಶಾಕ್ ಫ್ಯಾಕ್ಟರ್) ಅನ್ನೋ ಪ್ರೊಟೀನ್. ಬಿಸಿ ಏರಿ ಮನೆಮನೆಯಲ್ಲೂ ಪ್ರೊಟೀನ್‌ಗಳು ಹದಗೆಟ್ಟವೆನ್ನಿ. ಹಿರಿಯರೆಲ್ಲ ಬಿಡಿಸಲು ಓಡುತ್ತಾರೆ. ಡಂಗುರದವನನ್ನು ಹಿಡಿಯುವವರಿಲ್ಲ! ಅವನು ಇನ್ನಿಬ್ಬರನ್ನು ಜೊತೆಮಾಡಿಕೊಂಡು ಡಿಎನ್‌ಎ ಹತ್ತಿರ ಹೋಗಿ ಸಾರುತ್ತಾನೆ: ಇನ್ನಷ್ಟು ಹಿರಿಯರು ಬೇಕು. ಅವರು ಬಂದು ಕೆಲಸ ಮುಗಿದ ಮೇಲೆ, ಅವನನ್ನು ಮತ್ತೆ ಜಗಲಿಗೆ ಎಳೆದು ಕೂರಿಸುತ್ತಾರೆ. ಅಂದರೆ ಈ ದಾರಿಯಲ್ಲಿ ಕೋಶ ಅಳೆಯುವುದು ಬಿಸಿಯನ್ನಲ್ಲ, ಬಿಸಿಯಿಂದ ಆದ ಹಾಳನ್ನು. ಈ ಹೊತ್ತಿನಲ್ಲಿ ಮಾಮೂಲಿ ಪ್ರೊಟೀನ್ ತಯಾರಿಕೆಯೂ ಬಹುಪಾಲು ನಿಲ್ಲುತ್ತದೆ. ಹಳೆಯದನ್ನೇ ಬಿಡಿಸಲಾಗದಾಗ ಹೊಸದನ್ನು ಮಾಡಿ ಗಂಟು ಜಾಸ್ತಿ ಮಾಡುವುದೇಕೆ?

ಆಗಲೇ ಗಂಟಾಗಿರುವುದಕ್ಕೆ ಎಚ್‌ಎಸ್‌ಪಿ101 ಇದೆ. ಆರು ತುಂಡು ಸೇರಿದ ಬಳೆ, ನಡುವೆ ತೂತು. ಸೂಜಿಯ ಕಣ್ಣಲ್ಲಿ ದಾರ ಎಳೆದಂತೆ ಅದು ತೊಡರಿದ ಪ್ರೊಟೀನನ್ನು ಎಳೆದು ಬಿಡಿಸುತ್ತದೆ. ಮೊಟ್ಟೆಗೆ ಆಗದ್ದನ್ನು ಗಿಡ ಮಾಡುತ್ತದೆ! ಸಾಸಿವೆ ಜಾತಿಯ ಅರಬಿಡಾಪ್ಸಿಸ್ ಗಿಡಕ್ಕೆ ಮೊದಲು 38 ಡಿಗ್ರಿ ಬಿಸಿ ಕೊಟ್ಟು ಅಭ್ಯಾಸ ಮಾಡಿಸಿದರೆ ಮುಂದೆ 45 ಡಿಗ್ರಿಯನ್ನೂ ತಾಳಿಕೊಳ್ಳುತ್ತದೆ. ಎಚ್‌ಎಸ್‌ಪಿ101 ಇಲ್ಲದ ಗಿಡ ಸಾಯುತ್ತದೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಈ ಅಭ್ಯಾಸವನ್ನೇ ತಳಿ ಆರಿಸಲು ಬಳಸಿದ್ದಾರೆ. ಸೂರ್ಯಕಾಂತಿ ಸಸಿಗಳಿಗೆ ಮೊದಲು ಮೆಲ್ಲಗೆ ಏರುವ ಬಿಸಿ, ಆಮೇಲೆ ಸಾಯಿಸುವಷ್ಟು ಬಿಸಿ. ಅದಾದ ಮೇಲೂ ಚೇತರಿಸಿಕೊಂಡು ಬೆಳೆದ ಸಸಿಗಳನ್ನು ಮಾತ್ರ ಉಳಿಸಿಕೊಂಡರು.