ಡೆಕಲ್ ಸುತ್ತ ಬಿಳಿ ಮಸುಕು ಯಾಕೆ ಬರುತ್ತದೆ?

ಪ್ರಶ್ನೆ: ಎಚ್‌ಒ ಅಳತೆಯ (1:87) ಡೀಸೆಲ್ ಲೋಕೋ ಮಾದರಿಗೆ ಅಮೆರಿಕದ ಸಾಂಟಾ ಫೇ ರೈಲ್ವೆಯ ಕೆಂಪು-ಬೆಳ್ಳಿ ಬಣ್ಣ ಹೊಡೆದೆ. ಡೆಕಲ್ (ನೀರಲ್ಲಿ ಅದ್ದಿ ಅಂಟಿಸುವ ಅಕ್ಷರ-ಚಿತ್ರದ ತೆಳುಪೊರೆ) ಒಣಗಿದ ಮೇಲೆ ಅಕ್ಷರಗಳ ಸುತ್ತ ಬಿಳಿ ಮಸುಕು ಕಾಣುತ್ತಿದೆ. ಡೆಕಲ್ ಹಾಳೆ ಹಳೆಯದಾಗಿರಬಹುದೇ?

ಉತ್ತರ: ಹೆಚ್ಚಿನ ಸಲ ತಪ್ಪು ಹಾಳೆಯದಲ್ಲ, ಅದರಡಿಯ ಬಣ್ಣದ್ದು. ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣ ಬೆರಳಿಗೆ ನುಣುಪೆನಿಸಿದರೂ ಭೂತಗನ್ನಡಿಯಲ್ಲಿ ಸ್ಯಾಂಡ್ ಪೇಪರಿನ ಹಾಗೆ ತರಿತರಿ. ಡೆಕಲ್‌ನ ತೆಳುಪೊರೆ ಆ ಉಬ್ಬುಗಳ ಮೇಲಷ್ಟೇ ಕೂರುತ್ತದೆ. ತಗ್ಗಿನಲ್ಲಿ ಉಳಿದ ಗಾಳಿ ಬೆಳಕನ್ನು ಚದುರಿಸುತ್ತದೆ, ಅದೇ ಆ ಮಸುಕು. ಬೆಳ್ಳಿ ಭಾಗದಲ್ಲಿ ಅಷ್ಟಾಗಿ ಕಾಣದು, ಕೆಂಪಿನ ಮೇಲೆ ಎದ್ದು ಕಾಣುತ್ತದೆ.

ಹಾಗಾಗಿ ಡೆಕಲ್‌ಗೆ ಮೊದಲು ಗ್ಲಾಸ್ ಕ್ಲಿಯರ್ (ಹೊಳಪಿನ ಪಾರದರ್ಶಕ ಲೇಪ) ಬೇಕೇ ಬೇಕು. ಅಕ್ರಿಲಿಕ್ ಬಣ್ಣ 24 ಗಂಟೆ ಒಣಗಲಿ, ಮಳೆಗಾಲದಲ್ಲಿ 48. ಆಮೇಲೆ ತೆಳುವಾಗಿ ಎರಡು ಕೋಟ್ ಕ್ಲಿಯರ್ ಹೊಡೆದು ಮತ್ತೊಂದು ದಿನ ಬಿಡಿ. ಗ್ಲಾಸ್ ಹೊಡೆದರೂ ಮಸುಕು ಬಂತು ಎನ್ನುವವರು ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಹಿಡಿದ ದೂರವನ್ನು ನೋಡಿಕೊಳ್ಳಬೇಕು. 0.3 ಮಿ.ಮೀ. ನಾಜಲ್, 15-20 ಪಿಎಸ್‌ಐ ಒತ್ತಡಕ್ಕೆ 8-10 ಸೆಂ.ಮೀ. ಸಾಕು. ಇನ್ನೂ ದೂರ ಹಿಡಿದರೆ ಹನಿಗಳು ಗಾಳಿಯಲ್ಲೇ ಒಣಗಿ ಧೂಳಿನಂತೆ ಬಂದು ಕೂರುತ್ತವೆ. ಗ್ಲಾಸ್ ಮತ್ತೆ ಒರಟಾಗುತ್ತದೆ.

ಡೆಕಲ್ ಅನ್ನು ಅಕ್ಷರದ ಅಂಚಿಗೆ ಹತ್ತಿರವಾಗಿ ಕತ್ತರಿಸಿ. ಪೊರೆ ಕಡಿಮೆಯಾದಷ್ಟೂ ಮಸುಕಿಗೆ ಜಾಗ ಕಡಿಮೆ. ಉಗುರುಬೆಚ್ಚಗಿನ ನೀರಲ್ಲಿ 10-15 ಸೆಕೆಂಡ್ ಅದ್ದಿ, ತೆಗೆದು ಟಿಶ್ಯೂ ಮೇಲಿಟ್ಟು ಒಂದು ನಿಮಿಷ ಕಾಯಿರಿ. ನೀರಲ್ಲೇ ತೇಲಲು ಬಿಟ್ಟರೆ ಅಂಟು ತೊಳೆದುಹೋಗುತ್ತದೆ. ಲೋಕೋ ಮೈಗೆ ಮೈಕ್ರೋ ಸೆಟ್ (ಡೆಕಲ್ ಹಿಡಿದು ಕೂರಲು ನೆರವಾಗುವ ದ್ರವ) ಸವರಿ, ಡೆಕಲ್ ಜಾರಿಸಿ, ನಡುವಿನಿಂದ ಅಂಚಿನತ್ತ ಟಿಶ್ಯೂನಿಂದ ಒತ್ತಿ ನೀರು ಹೀರಿಸಿ. ಮೇಲೆ ಪೊರೆಯನ್ನು ಮೆದುಮಾಡುವ ಮೈಕ್ರೋ ಸೋಲ್ ದ್ರವ ಹಚ್ಚಿ. ಈಗ ಪೊರೆ ಸುಕ್ಕುಗಟ್ಟುತ್ತದೆ, ನೋಡಿದರೆ ಕೆಟ್ಟೇಹೋಯಿತು ಅನಿಸುತ್ತದೆ. ದಯವಿಟ್ಟು ಮುಟ್ಟಬೇಡಿ. ಮೆದುವಾದ ಪೊರೆ ಬೆರಳು ತಗುಲಿದರೆ ಹರಿಯುತ್ತದೆ, ಬಿಟ್ಟರೆ ತಾನೇ ಒಣಗಿ ರಿವೆಟ್‌ಗಳ ಮೇಲೆ ಬಣ್ಣದ ಹಾಗೆ ಇಳಿದು ಕೂರುತ್ತದೆ. ಲೂವರ್ (ಗಾಳಿಯಾಡಲು ಇರುವ ಓರೆ ಪಟ್ಟಿಗಳು) ಇರುವ ಬಾಗಿಲುಗಳಿಗೆ ಎರಡು ಮೂರು ಸಲ ಬೇಕಾಗಬಹುದು.

1937ರಲ್ಲಿ ಸೂಪರ್ ಚೀಫ್ ರೈಲಿನ ಇ1 ಲೋಕೋಗಳ ಮೇಲೆ ಬಂದ ವಾರ್‌ಬಾನೆಟ್ ಎಂಬ ಈ ಕೆಂಪು-ಬೆಳ್ಳಿ ವಿನ್ಯಾಸದಲ್ಲಿ ಕೆಂಪಿನ ಅಂಚಿಗೆ ಹಳದಿ-ಕಪ್ಪು ಪಟ್ಟಿ ಬಾಗಿ ಹೋಗುತ್ತದೆ. ಮಾಸ್ಕಿಂಗ್ ಟೇಪಿನಡಿ ಸ್ವಲ್ಪ ಸೋರಿದ್ದರೂ ಆ ಪಟ್ಟಿ ಮುಚ್ಚಿಬಿಡುತ್ತದೆ, ಅದು ಅನುಕೂಲ. ಆದರೆ ಬಾಗಿದ ಕಡೆ ಇಡೀ ಪಟ್ಟಿ ಒಟ್ಟಿಗೆ ಕೂರಿಸಲು ಹೋಗಬೇಡಿ. ತುಂಡು ಮಾಡಿ, ಒಂದು ಒಣಗಿದ ಮೇಲೆ ಇನ್ನೊಂದು.

ನಮ್ಮ ಲೋಕೋಗಳಿಗೆ ಕೆಜೆಎಂ (ಕೃಷ್ಣರಾಜಪುರಂ), ಯುಬಿಎಲ್ (ಹುಬ್ಬಳ್ಳಿ) ಎಂಬ ಶೆಡ್ ಅಕ್ಷರಗಳನ್ನು ಮನೆಯಲ್ಲೇ ಪ್ರಿಂಟ್ ಮಾಡುವವರಿಗೆ ಒಂದು ಮಾತು. 15 ಸೆಂ.ಮೀ. ಎತ್ತರದ ಅಕ್ಷರ 1:87ರಲ್ಲಿ ಬರೀ 1.7 ಮಿ.ಮೀ. ಸಾಮಾನ್ಯ ಪ್ರಿಂಟರ್ ಬಿಳಿ ಬಣ್ಣ ಮುದ್ರಿಸುವುದಿಲ್ಲ, ಬಿಳಿ ಅಕ್ಷರಕ್ಕೆ ಬಿಳಿ ಡೆಕಲ್ ಹಾಳೆಯೇ ಬೇಕು. ಇಂಕ್‌ಜೆಟ್ ಆದರೆ ನೀರಿಗೆ ಅದ್ದುವ ಮೊದಲು ಕ್ಲಿಯರ್ ಹೊಡೆಯದಿದ್ದರೆ ಶಾಯಿ ಹರಡುತ್ತದೆ.

ನಿಮ್ಮ ಲೋಕೋ ಈಗಲೂ ಸರಿಹೋಗಬಹುದು. ಮಸುಕಿರುವಲ್ಲಿ ಸಣ್ಣ ಸೂಜಿಯಿಂದ ಹತ್ತಿಪ್ಪತ್ತು ಕಡೆ ಚುಚ್ಚಿ, ಸೋಲ್ ಹಚ್ಚಿ ರಾತ್ರಿಯಿಡೀ ಬಿಡಿ. ಬೇಕಾದರೆ ಮರುದಿನ ಇನ್ನೊಮ್ಮೆ. ಮಸುಕು ಪೂರ್ತಿ ಹೋಗುವವರೆಗೆ ಮ್ಯಾಟ್ ಕ್ಲಿಯರ್ ಹೊಡೆಯಬೇಡಿ, ಅದು ಮುಚ್ಚಿಕೊಂಡ ಮೇಲೆ ಸೋಲ್ ಒಳಗೆ ಇಳಿಯುವುದಿಲ್ಲ.