ಸೆಕೆಂಡಿಗೆ ಹತ್ತು ಸಾಲು, ಅಳತೆ ಒಂದೇ

ಮೊನ್ನೆ ಒಬ್ಬರು ತಮ್ಮ ಕಾರು ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗಕ್ಕೆ ಏರಿದ ಓಟವನ್ನು ಫೋನಿನ ಆ್ಯಪ್‌ನಲ್ಲಿ ದಾಖಲಿಸಿ, ಆ ಫೈಲ್ ಕಳಿಸಿದ್ದರು. ಸೆಕೆಂಡಿಗೆ ಹತ್ತು ಸಾಲು ದಾಖಲಾಗಿದೆ, ಆದರೂ ಗ್ರಾಫ್ ಯಾಕೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತಿದೆ ಅಂತ ಅವರ ಪ್ರಶ್ನೆ. ಫೈಲ್ ತೆರೆದು ನೋಡಿದೆ. ವೇಗದ ಕಾಲಮ್ಮಿನಲ್ಲಿ 62 ಅಂತ ಹತ್ತು ಸಲ, ಆಮೇಲೆ ಒಮ್ಮೆಲೇ 71, ಅದೂ ಹತ್ತು ಸಲ. ಆ್ಯಪ್ ಸೆಕೆಂಡಿಗೆ ಹತ್ತು ಸಲ ಬರೆಯುತ್ತಿತ್ತು. ಜಿಪಿಎಸ್ ಹೊಸ ಅಂಕಿ ಕೊಡುತ್ತಿದ್ದದ್ದು ಒಂದೇ ಸಲ.

ಸಾಮಾನ್ಯವಾಗಿ ಫೋನಿನ ಜಿಪಿಎಸ್ ನಡೆಯುವುದೇ ಹೀಗೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಅಷ್ಟು ದೂರದಲ್ಲಿ ಬ್ರೇಕ್ ಎಲ್ಲಿ ಒತ್ತಿದಿರಿ ಅಂತ ಫೈಲಿಗೆ ಗೊತ್ತೇ ಆಗುವುದಿಲ್ಲ. ಬ್ಲೂಟೂತ್‌ನಲ್ಲಿ ಜೋಡಿಸುವ 10 ಹರ್ಟ್ಸ್ ಜಿಪಿಎಸ್ (ಅಂದರೆ ಸೆಕೆಂಡಿಗೆ ಹತ್ತು ಸಲ ಅಳೆಯುವಂಥದ್ದು) ಇದ್ದರೆ ಆ ಅಂತರ 3 ಮೀಟರಿಗೂ ಕಡಿಮೆಯಾಗುತ್ತದೆ.

ಕಾರಿನ ಕಂಪ್ಯೂಟರಿನಿಂದ ಮಾಹಿತಿ ಓದುವ ಒಬಿಡಿ ಅಡಾಪ್ಟರಿನ ಕಥೆ ಬೇರೆ. ಅದು ಒಂದು ಪ್ರಶ್ನೆ ಕೇಳಿ, ಉತ್ತರ ಬಂದ ಮೇಲೆ ಮುಂದಿನದು ಕೇಳುತ್ತದೆ. ಸೆಕೆಂಡಿಗೆ ಹತ್ತು ಉತ್ತರ ಸಿಗುತ್ತದೆ ಅಂದುಕೊಳ್ಳಿ. ನೀವು ಹತ್ತು ವಿಷಯ ಟಿಕ್ ಮಾಡಿದರೆ ಒಂದೊಂದಕ್ಕೂ ಸೆಕೆಂಡಿಗೆ ಒಂದೇ ಸಲ ಸರದಿ. ಕೂಲಂಟ್ (ಇಂಜಿನ್ ತಂಪು ಮಾಡುವ ದ್ರವ) ಬಿಸಿ ನಿಧಾನಕ್ಕೆ ಏರುವಂಥದ್ದು, ಅದನ್ನು ಪ್ರತಿ ಸುತ್ತಿನಲ್ಲೂ ಕೇಳಿ ಏನು ಸಿಗುತ್ತದೆ? ಇನ್ನೊಂದು ವಿಷಯ: ಒಬಿಡಿ ವೇಗ ಪೂರ್ಣ ಕಿಲೋಮೀಟರುಗಳಲ್ಲೇ ಬರುತ್ತದೆ, ಪಾಯಿಂಟ್ ನಂತರ ಏನೂ ಇರುವುದಿಲ್ಲ.

ಜನ ಹೆಚ್ಚು ಎಡವುವುದು ಆಕ್ಸೆಲೆರೋಮೀಟರಿನಲ್ಲಿ, ಅಂದರೆ ವೇಗದ ಏರಿಳಿತ, ಅಲುಗಾಟ ಅಳೆಯುವ ಫೋನಿನ ಸೆನ್ಸರಿನಲ್ಲಿ. ಫೋನು ಸೆಕೆಂಡಿಗೆ 100 ಸಲ ಓದುತ್ತಿದೆಯಲ್ಲ, ಸಾಕು ಅಂತ ಬಿಡುತ್ತಾರೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. ನಾಲ್ಕು ಸಿಲಿಂಡರಿನ ಇಂಜಿನ್ ಪ್ರತಿ ಸುತ್ತಿಗೆ ಎರಡು ಸಲ ಉರಿಯುತ್ತದೆ. 2940 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ಅಂದರೆ ಸೆಕೆಂಡಿಗೆ 49 ಸುತ್ತು, 98 ನಡುಕ. ಅದನ್ನು 100 ಸಲ ಓದಿದರೆ ಫೈಲಿನಲ್ಲಿ ಕಾಣುವುದು ಆ ನಡುಕವಲ್ಲ, ಸೆಕೆಂಡಿಗೆ ಎರಡು ಸಲ ಏರಿಳಿಯುವ ನಿಧಾನ ಅಲೆ. ಕಾರು ತೂಗಾಡಿದ ಹಾಗೆ! ಒಮ್ಮೆ ಹೀಗೆ ದಾಖಲಾದರೆ ಯಾವ ಫಿಲ್ಟರಿಗೂ ಅದನ್ನು ನಿಜವಾದ ಚಲನೆಯಿಂದ ಬೇರೆ ಮಾಡಲು ಆಗುವುದಿಲ್ಲ. ಓದುವ ದರವನ್ನು 200ಕ್ಕೆ ಏರಿಸಿದರೆ ಈ ಕಾಟ 6000 ಆರ್‌ಪಿಎಂ ಹತ್ತಿರಕ್ಕೆ ಸರಿಯುತ್ತದೆ. ಅದಕ್ಕೇ ಜಾಸ್ತಿ ದರದಲ್ಲಿ ಓದಿ, ನಡುಕ ತೆಗೆಯುವ ಫಿಲ್ಟರ್ ಹಾಕಿ, ಆಮೇಲೆ ಸಾಲು ಕಡಿಮೆ ಮಾಡಿ. ಕ್ರಮ ತಿರುಗಿಸಬೇಡಿ. ಉದ್ದ ಕುತ್ತಿಗೆಯ ಹೋಲ್ಡರ್ ತನ್ನದೇ ಅಲುಗಾಟ ಸೇರಿಸುತ್ತದೆ, ಅದನ್ನು ತೆಗೆದುಬಿಡಿ. ಫೋನನ್ನು ಗಟ್ಟಿಯಾಗಿ ಬಿಗಿಯಿರಿ.

ನಿಮ್ಮ ಫೈಲಿನ ನಿಜವಾದ ದರ ತಿಳಿಯಬೇಕಾ? ಜೋರಾಗಿ ವೇಗ ಏರಿದ ಐದು ಸೆಕೆಂಡ್ ಆರಿಸಿಕೊಳ್ಳಿ. ಅಲ್ಲಿ ಅಂಕಿ ಎಷ್ಟು ಸಲ ಬದಲಾಯಿತು ಅಂತ ಎಣಿಸಿ, ಐದರಿಂದ ಭಾಗಿಸಿ.

ಫೈಲ್ ಕಳಿಸಿದವರಿಗೆ ನಾನು ಬರೆದದ್ದು ಇಷ್ಟು: ವೇಗಕ್ಕೆ 10 ಹರ್ಟ್ಸ್ ಜಿಪಿಎಸ್ ಜೋಡಿಸಿ, ಒಬಿಡಿಯಿಂದ ಆರ್‌ಪಿಎಂ ಒಂದನ್ನೇ ಕೇಳಿ, ಖಾಲಿ ಟ್ರ್ಯಾಕಿನಲ್ಲಿ ಎರಡೂ ದಿಕ್ಕಿಗೆ ಓಡಿಸಿ ಮತ್ತೆ ಕಳಿಸಿ.