ಇಸಿ ಬೇಕಾ? ಮೊದಲು ಬೇಸ್‌ಮೆಂಟ್ ಸೇರಿಸಿ ಕೂಡಿ

ಕಟ್ಟಡಕ್ಕೆ ಕೇಂದ್ರದ ಕಾನೂನಿನ ಪ್ರಕಾರ ಪರಿಸರ ಅನುಮತಿ, ಅಂದ್ರೆ ಇಸಿ, ಬೇಕಾ ಬೇಡ್ವಾ? ಉತ್ತರ ಇರುವುದು 2006ರ ಸೆಪ್ಟೆಂಬರ್ 14ರ ಇಐಎ (ಪರಿಸರದ ಮೇಲಿನ ಪರಿಣಾಮದ ಅಂದಾಜು) ಅಧಿಸೂಚನೆಯಲ್ಲಿ. ಇಸಿ ಬೇಕಾದ ಯೋಜನೆಗಳ ಪಟ್ಟಿ ಅದರಲ್ಲಿ ಉದ್ದ ಇದೆ, ಹೆದರಬೇಡಿ. ಕಟ್ಟಡದವರಿಗೆ ಬೇಕಾದದ್ದು 8ನೇ ಐಟಂ ಮಾತ್ರ.

ಬಿಲ್ಟ್-ಅಪ್ ಏರಿಯಾ 20,000 ಚದರ ಮೀಟರ್ ಮುಟ್ಟಿದರೆ 8(ಎ). 1,50,000 ಮುಟ್ಟಿದರೆ, ಇಲ್ಲವೇ ಜಾಗವೇ 50 ಹೆಕ್ಟೇರ್ ಇದ್ದರೆ 8(ಬಿ). ಎರಡಕ್ಕೂ ಇಸಿ ಬೇಕು. ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ 20,000 ಚದರ ಮೀಟರ್ ಅಂದ್ರೆ ಸುಮಾರು 2,150 ಚದರ (ಒಂದು ಚದರ ಅಂದ್ರೆ 100 ಚದರ ಅಡಿ).

ಎಲ್ಲರೂ ಎಡವುವುದು ಇಲ್ಲೇ. ಪ್ಲಾನ್ ಶೀಟ್‌ನ ಏರಿಯಾ ಸ್ಟೇಟ್‌ಮೆಂಟ್‌ನಲ್ಲಿ ಎಫ್‌ಎಆರ್ ಏರಿಯಾ ಅಂತ ಒಂದು ಸಾಲು ಇರುತ್ತದೆ; ಸೈಟಿನ ಅಳತೆಗೆ ಎಷ್ಟು ಕಟ್ಟಬಹುದು ಅನ್ನುವ ಮಿತಿಗೆ ಲೆಕ್ಕ ಹಿಡಿಯುವ ಏರಿಯಾ ಅದು. ಅದನ್ನು ನೋಡಿ 'ಬೇಡ' ಅಂದುಬಿಡುತ್ತೇವೆ. ಒಂದು ಲೆಕ್ಕ ಮಾಡೋಣ. ಎಫ್‌ಎಆರ್ ಏರಿಯಾ 14,200 ಚದರ ಮೀಟರ್. ಕೆಳಗೆ ಎರಡು ಬೇಸ್‌ಮೆಂಟ್ ಪಾರ್ಕಿಂಗ್, ಒಂದೊಂದು 3,100. ಎಫ್‌ಎಆರ್‌ಗೆ ಪಾರ್ಕಿಂಗ್ ಸೇರಿಸಿಲ್ಲ. ಆದರೆ ಇಸಿಗೆ ಸೇರುತ್ತದೆ. 2011ರ ತಿದ್ದುಪಡಿ ಇದನ್ನು ಬಿಡಿಸಿ ಹೇಳಿದೆ: ಎಲ್ಲ ಮಹಡಿ, ಬೇಸ್‌ಮೆಂಟ್, ಸರ್ವಿಸ್ ಜಾಗ, ಎಲ್ಲವನ್ನೂ ಕೂಡಬೇಕು. ಒಟ್ಟು 20,400. ಇಸಿ ಬೇಕೇ ಬೇಕು.

ಈಗಾಗಲೇ 18,000 ಇರುವ ಕಟ್ಟಡಕ್ಕೆ ಇನ್ನೊಂದು ಬ್ಲಾಕ್ 4,000 ಸೇರಿಸಿದರೂ ಅಷ್ಟೇ. ಹೊಸದನ್ನು ಮಾತ್ರ ನೋಡಿ ಬಿಡುವ ಹಾಗಿಲ್ಲ, ಒಟ್ಟು ನೋಡಬೇಕು.

ಹಳೆ ನೋಟ್ಸ್ ಇಟ್ಟುಕೊಂಡವರು ಒಂದು ಸಾಲು ಹೊಡೆದು ಹಾಕಿ. 2014ರ ಡಿಸೆಂಬರ್‌ನಲ್ಲಿ ಶಾಲೆ, ಕಾಲೇಜು, ಅವುಗಳ ಹಾಸ್ಟೆಲ್, ಕೈಗಾರಿಕಾ ಶೆಡ್‌ಗಳಿಗೆ 8(ಎ)ಯಿಂದ ವಿನಾಯಿತಿ ಸಿಕ್ಕಿತ್ತು. 2025ರ ಜನವರಿಯ ಅಧಿಸೂಚನೆ ಅದನ್ನೇ ಮತ್ತೆ ಹೇಳಿತು. ಆಗಸ್ಟ್ 5ರಂದು ಸುಪ್ರೀಂ ಕೋರ್ಟ್ ಆ ವಿನಾಯಿತಿಯನ್ನು ರದ್ದು ಮಾಡಿತು. ನನಗಂತೂ ಅದು ಸರಿ ಅನಿಸುತ್ತದೆ. ಹಾಸ್ಟೆಲ್‌ನ ಚರಂಡಿ ನೀರು ಅಪಾರ್ಟ್‌ಮೆಂಟಿನದಕ್ಕಿಂತ ಚೊಕ್ಕಟವೇನಲ್ಲ ಅಲ್ವಾ?

ಕಾನೂನು ಕೇಂದ್ರದ್ದಾದರೂ ಅರ್ಜಿ ಸಾಮಾನ್ಯವಾಗಿ ದೆಹಲಿಗೆ ಹೋಗುವುದಿಲ್ಲ. ಪರಿವೇಶ್ ಪೋರ್ಟಲ್‌ನಲ್ಲಿ ಹಾಕಿದರೆ ನೋಡುವುದು ರಾಜ್ಯದ ಪ್ರಾಧಿಕಾರ. 8ನೇ ಐಟಂಗೆ ಸಾರ್ವಜನಿಕ ಅಹವಾಲು ಸಭೆಯೂ ಬೇಡ. 8(ಬಿ)ಗೆ ಮಾತ್ರ ಇಐಎ ವರದಿ ಮಾಡಿಸಬೇಕು.

ಇನ್ನು ಇಸಿ ಬೇಡ ಅಂತ ಲೆಕ್ಕ ಬಂದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯೂ ಬೇಡ ಅಂತಲ್ಲ. ಅದು ಬೇರೆ ಕಾನೂನು, ಬೇರೆ ಲೆಕ್ಕ.

ಬೇಕು ಅಂತ ಬಂದರೆ? ಇಸಿ ಕೈಗೆ ಸಿಗುವ ತನಕ ಜಾಗಕ್ಕೆ ಬೇಲಿ ಹಾಕಿಕೊಳ್ಳಬಹುದು. ಜೆಸಿಬಿ ತಂದು ನೆಲ ಮಟ್ಟ ಮಾಡಿಸುವ ಹಾಗಿಲ್ಲ.